ಮುಳುಗಿದ ಊರಿಗೆ ಎರಡು ಹೆಸರು

ನವೆಂಬರಿನ ಮೊದಲ ಶುಕ್ರವಾರ ಭಾಗ್ಯಶ್ರೀ ಒಂಬತ್ತು ಗಂಟೆಯ ಪಾಳಿಗೆ ಹೋದಾಗ ಮಿಸೆಸ್ ಹ್ಯಾಡ್ಲಿ ಅಡುಗೆಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಪಾದದ ಗಂಟಿನ ಎತ್ತರಕ್ಕೆ, ಬಾಗಿಲ ಚೌಕಟ್ಟಿನಿಂದ ಫ್ರಿಜ್ಜಿನವರೆಗೆ, ದಾರ ಹಿಡಿದಷ್ಟು ನೇರವಾದ ಗೆರೆ. ತೊಂಬತ್ತೊಂದು ವರ್ಷದ ಹೆಂಗಸು ಯಾರ ಆಸರೆಯೂ ಇಲ್ಲದೆ ನೆಲಕ್ಕೆ ಇಳಿದದ್ದು ಹೇಗೋ.

"ಇದೇನು ಮಾಡ್ತಿದೀರಿ?"

"ಇವತ್ತು ಇಲ್ಲಿಗೆ ಬಂದಿದೆ," ಎಂದಳು ಮುದುಕಿ, ಪೋಸ್ಟಿನವನು ಬಂದುಹೋದ ಎನ್ನುವಷ್ಟು ಸಹಜವಾಗಿ.

ಭಾಗ್ಯಶ್ರೀ ಅವಳನ್ನು ಎಬ್ಬಿಸಿ ಕುರ್ಚಿಗೆ ಕೂರಿಸಿ ಒದ್ದೆ ಬಟ್ಟೆಯಿಂದ ಗೆರೆ ಅಳಿಸಿದಳು. ಮುಂದಿನ ಶುಕ್ರವಾರ ಅದು ಮೊಣಕಾಲಿನ ಎತ್ತರಕ್ಕಿತ್ತು.

ಕಂಪನಿಯವರು ಕೊಟ್ಟ ಫೋನಿನಲ್ಲಿ ಇದನ್ನು ದಾಖಲಿಸಬೇಕಿತ್ತು. ತಿಂಡಿ ಕೊಟ್ಟೆ, ಮಾತ್ರೆ ಕೊಟ್ಟೆ, ಮೈ ತೊಳೆದೆ ಎಂದು ಟಿಕ್ ಹಾಕುವ ಚೌಕಗಳ ಕೆಳಗೆ 'ವರ್ತನೆಯಲ್ಲಿ ಬದಲಾವಣೆ' ಎಂಬ ಚೌಕವೂ ಇತ್ತು. ಭಾಗ್ಯಶ್ರೀ ಅದನ್ನು ಖಾಲಿ ಬಿಟ್ಟಳು. ಅಂಥ ಗೆರೆ ಅವಳಿಗೆ ಹೊಸದಲ್ಲ. ಹಳೇ ಬಾಗಲಕೋಟೆಯಲ್ಲಿ, ಆಲಮಟ್ಟಿಯ ಹಿನ್ನೀರು ಬರುವ ಮುಂಚೆ, ಸರ್ವೆಯವರು ಅವರ ಓಣಿಯ ಗೋಡೆಗಳಿಗೆ ಕೆಂಪು ಬಣ್ಣದಲ್ಲಿ ನೀರಿನ ಮಟ್ಟ ಬರೆದು ಹೋಗಿದ್ದರು. ಅವಳ ಮನೆಯಲ್ಲಿ ಅದು ದೇವರ ಗೂಡಿನ ಎತ್ತರಕ್ಕಿತ್ತು. ಎರಡು ವರ್ಷ ಮನೆಯವರೆಲ್ಲ ಆ ಗೆರೆಯ ಕೆಳಗೇ ರೊಟ್ಟಿ ಬಡಿದರು, ಉಂಡರು, ಮಲಗಿದರು. ಅಕ್ಕನ ಬಾಣಂತನವೂ ಅದರ ಕೆಳಗೇ ಆಯಿತು. ಸರ್ವೆಯವರು ಬಾಗಿಲು, ತೊಲೆ, ಕಿಟಕಿ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಅವ್ವ ಪ್ರತಿ ವಾರ ಸಾರಿಸುತ್ತಿದ್ದ ಒಲೆಯನ್ನು ಮಾತ್ರ ಬರೆದುಕೊಳ್ಳಲಿಲ್ಲ. ಅದು ಮನೆಯ ಭಾಗ ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಮುಳುಗಡೆಯಾದ ಮೇಲೆ ಭಾಗ್ಯಶ್ರೀ ನವನಗರದ ಹೈಸ್ಕೂಲಿನಲ್ಲಿ ಆರು ವರ್ಷ ಭೂಗೋಳ ಕಲಿಸಿದಳು. ನಂತರ ಬೆಂಗಳೂರಿನ ದಿನೇಶನನ್ನು ಮದುವೆಯಾಗಿ ಬರ್ಮಿಂಗ್‌ಹ್ಯಾಮಿಗೆ ಬಂದು ಹದಿನಾಲ್ಕು ವರ್ಷ 'ಮನೆಯಲ್ಲೇ ಇದ್ದಳು'. ಅಂದರೆ ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ಕೆಲಸ ಮಾಡಿದಳು. ಮಗಳು ಅನ್ವಿತಾ ದೊಡ್ಡ ಸ್ಕೂಲಿಗೆ ಹೋಗತೊಡಗಿದ ಮೇಲೆ, ವಯಸ್ಸಾದವರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವ ಕೇರರ್ ಆಗಿ ಸೇರಿಕೊಂಡಳು. ಕೆಲಸ ಅದೇ: ಉಣಿಸು, ತೊಳೆ, ಒರೆಸು, ಮಾತ್ರೆ ಕೊಡು, ಬೈಸಿಕೋ. ಇಲ್ಲಿ ಅದಕ್ಕೊಂದು ಹೆಸರಿತ್ತು, ನೀಲಿ ಅಂಗಿಯಿತ್ತು, ರೋಟಾ ಎಂಬ ಪಾಳಿಪಟ್ಟಿ ಇತ್ತು. ಟಿವಿಡೇಲಿನ ದೇವಸ್ಥಾನದಲ್ಲಿ ಯಾರಾದರೂ ಡಾಕ್ಟರರ ಹೆಂಡತಿ "ನೀವೇನ್ ಮಾಡ್ಕೊಂಡಿದೀರಿ?" ಎಂದರೆ ಅವಳು ಬಾಯಿ ತೆರೆಯುವ ಮೊದಲೇ ದಿನೇಶ "ಹೆಲ್ತ್ ಸೈಡಲ್ಲಿದಾಳೆ" ಎಂದುಬಿಡುತ್ತಿದ್ದ.

ಮಿಸೆಸ್ ಹ್ಯಾಡ್ಲಿಯ ಮನೆ ಅವಳ ಪಾಲಿಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಫೈಲಿನಲ್ಲಿ ಬರೆದದ್ದು ಇಷ್ಟೇ: ವಿಧವೆ, ಒಬ್ಬ ಮಗ, ಹುಟ್ಟಿದ್ದು ಇಟಲಿ, ಬೆಟ್ಟಿ ಎಂದು ಕರೆಯಿರಿ. ಎರಡನೆಯ ದಿನ ಗಂಜಿ ಕುಡಿಸುತ್ತ ಭಾಗ್ಯಶ್ರೀ ಸುಮ್ಮನೆ ಮಾತಿಗೆಂದು ಕೇಳಿದಳು:

"ಇಟಲಿಯಲ್ಲಿ ಯಾವ ಕಡೆ?"

"ಮೇಲೆ. ತೀರಾ ಮೇಲೆ. ಈಗ ಇಲ್ಲ."

"ಊರೇ ಇಲ್ವಾ?"

"ನೀರಿನ ಕೆಳಗಿದೆ. ನೀರಿನ ಕೆಳಗಿರೋದನ್ನ ಇದೆ ಅನ್ನಬೇಕೋ ಇಲ್ಲ ಅನ್ನಬೇಕೋ, ನೀನೇ ಹೇಳು ಮಾಡ್ಲ್." ಹುಡುಗಿಯರನ್ನು ಅವಳ ಊರಿನಲ್ಲಿ ಹಾಗೆ ಕರೆಯುತ್ತಿದ್ದರಂತೆ. ನಲವತ್ತನಾಲ್ಕು ವರ್ಷದ ಭಾಗ್ಯಶ್ರೀಯನ್ನು ಯಾರಾದರೂ ಹುಡುಗಿ ಎಂದು ಬಹಳ ಕಾಲವಾಗಿತ್ತು. ಚಮಚ ಅವಳ ಕೈಯಲ್ಲೇ ನಿಂತಿತು.

"ನಮ್ಮೂರೂ ನೀರಿನ ಕೆಳಗಿದೆ," ಎಂದಳು.

ಮುದುಕಿ ತಲೆಯೆತ್ತಿ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದಳು. "ಹಾಗಾದ್ರೆ ಕೂತ್ಕೋ," ಎಂದಳು. "ಆ ಪಾತ್ರೆ ಆಮೇಲೆ ತೊಳೀಬಹುದು."

ಪ್ರತಿ ಭೇಟಿಗೆ ಅರ್ಧ ಗಂಟೆ. ಆ ಅರ್ಧ ಗಂಟೆಯ ಕೊನೆಯ ಹತ್ತು ನಿಮಿಷಗಳನ್ನು ಅವರು ನಕಾಶೆಗೆ ಇಟ್ಟುಕೊಂಡರು. ಅನ್ವಿತಾಳ ಸ್ಕೂಲಿನ ದೊಡ್ಡ ಡ್ರಾಯಿಂಗ್ ಹಾಳೆಯೊಂದನ್ನು ಭಾಗ್ಯಶ್ರೀ ಒಯ್ದಿದ್ದಳು. ಮುದುಕಿ ಹೇಳಿದಂತೆ ಬರೆಯುತ್ತ ಹೋದಳು: ಇಟಲಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಮೂರೂ ಮೂಲೆ ತಾಗಿಸಿಕೊಂಡು ನಿಂತಲ್ಲಿ ಒಂದು ಕಣಿವೆದಾರಿ. ಅದರ ಬಗಲಲ್ಲೇ ಒಂದು ನದಿ ಹುಟ್ಟುತ್ತದೆ. ಹುಟ್ಟಿದ ಊರಿನವರಿಗೆ ಅದು ಎಚ್, ಕೆಳಗಿನ ಬಯಲಿನವರಿಗೆ ಆದಿಜೆ. ಕಣಿವೆಗೆ ಫಿನ್ಶ್‌ಗೌ ಎಂದೂ ವಾಲ್ ವೆನೋಸ್ತಾ ಎಂದೂ ಎರಡು ಹೆಸರು. ಕೆಳಗೆ ಕೋಟೆಗೋಡೆಯ ಪುಟ್ಟ ಪಟ್ಟಣ ಗ್ಲುರ್ನ್ಸ್, ಅದೇ ಗ್ಲೊರೆನ್ಸಾ. ಗೋಪುರಗಳ ಊರು ಮಾಲ್ಸ್, ಅದೇ ಮಾಲೆಸ್. ಮೇಲೆ, ಎರಡು ಕೆರೆಗಳ ನಡುವೆ, ಅವಳ ಊರು: ಗ್ರೌನ್. ಅದೇ ಕುರೋನ್.

"ಎಲ್ಲದಕ್ಕೂ ಎರಡೆರಡು ಯಾಕೆ?"

"ನಮ್ಮಪ್ಪ ಹುಟ್ಟಿದಾಗ ನಾವು ಆಸ್ಟ್ರಿಯಾದವರು. ಮೊದಲನೇ ಯುದ್ಧ ಮುಗಿದಾಗ ಯಾರೋ ನಕಾಶೆ ಮೇಲೆ ಗೆರೆ ಎಳೆದ್ರು, ನಾವು ಇಟಲಿಯವರಾದ್ವಿ. ಆಮೇಲೆ ರೋಮಿನಿಂದ ಹೆಸರಿನ ಪಟ್ಟಿ ಬಂತು. ಬೆಟ್ಟಕ್ಕೆ, ಹಳ್ಳಕ್ಕೆ, ಊರಿಗೆ, ಹಸು ಮೇಯೋ ಹುಲ್ಲುಗಾವಲಿಗೆ, ಎಲ್ಲಕ್ಕೂ ಹೊಸ ಹೆಸರು. ಹಳೇದನ್ನ ಹೇಳಕೂಡದು."

"ಹೇಳಿದ್ರೆ?"

ಮುದುಕಿ ಎಡಗೈ ಚಾಚಿದಳು. ನಡುಬೆರಳಿನ ಗೆಣ್ಣು ಸೊಟ್ಟಗಿತ್ತು. ಶಾಲೆಯ ಟೀಚರು ದೂರದ ದಕ್ಷಿಣದಿಂದ ಬಂದಿದ್ದ ಹುಡುಗಿಯಂತೆ. ಎಲ್ಲರೂ ಸಿಞೋರಿನಾ, ಅಂದರೆ ಮಿಸ್, ಎನ್ನುತ್ತಿದ್ದರು. ಆ ಚಳಿಯಲ್ಲಿ ಅವಳೂ ಒಬ್ಬಳೇ, ಊರಿನ ಯಾವ ಮನೆಯೂ ಅವಳನ್ನು ಊಟಕ್ಕೆ ಕರೆಯುತ್ತಿರಲಿಲ್ಲ. 'ಎಲ್ಲಿ ವಾಸವಾಗಿದ್ದೀ?' ಎಂದು ಇಟಾಲಿಯನ್ನಿನಲ್ಲಿ ಕೇಳುವಳು. ಮಕ್ಕಳು ಎದ್ದು ನಿಂತು 'ಅಬಿತೋ ಅ ಕುರೋನ್' ಎನ್ನಬೇಕು, ನಾನು ಕುರೋನಿನಲ್ಲಿ ವಾಸವಾಗಿದ್ದೇನೆ ಎಂದು. ಆರು ವರ್ಷದ ಹುಡುಗಿ ಗ್ರೌನ್ ಎಂದಳು. ರೂಲುದೊಣ್ಣೆ ಗೆಣ್ಣಿನ ಮೇಲೆ ಬಿತ್ತು.

"ನಿಮ್ಮ ಹೆಸರನ್ನೂ ಬದಲಾಯಿಸಿದ್ರಾ?"

"ರಿಜಿಸ್ಟರಿನಲ್ಲಿ ಅನ್ನಾ ಅಂತ ಬರೆದ್ರು. ಇಲ್ಲಿ ಬಂದ್ಮೇಲೆ ನನ್ನ ಗಂಡ ರಾನ್‌ಗೆ ನನ್ನ ನಿಜವಾದ ಹೆಸರು ನಾಲಿಗೆ ಮೇಲೆ ತಿರುಗಲಿಲ್ಲ, ಬೆಟ್ಟಿ ಅಂದ. ಐವತ್ತು ವರ್ಷ ಅಂದ, ಪಾಪ, ಪ್ರೀತಿಯಿಂದಾನೇ. ನಮ್ಮಮ್ಮ ಇಟ್ಟಿದ್ದು ನೋಟ್‌ಬುರ್ಗಾ. ನಮ್ಮ ಕಡೆ ಕೆಲಸದ ಹೆಂಗಸರನ್ನ ಕಾಯೋ ಸಂತಳ ಹೆಸರು." ಅವಳು ನಕ್ಕಳು. "ಚೆನ್ನಾಗಿ ಕಾದಳು. ಮೂವತ್ತೊಂದು ವರ್ಷ ಆಸ್ಪತ್ರೆ ನೆಲ ಒರೆಸಿದೆ."

ಅಂದಿನಿಂದ ಭಾಗ್ಯಶ್ರೀ ಅವಳನ್ನು ನೋಟ್‌ಬುರ್ಗಾ ಎಂದೇ ಕರೆದಳು. ಭಾಗ್ಯಶ್ರೀಯ ಎದೆಯ ಮೇಲಿನ ಬಿಲ್ಲೆಯಲ್ಲಿ ಬರಿ 'ಶ್ರೀ' ಎಂದಿತ್ತು. ಮುದುಕಿ ಪೂರ್ತಿ ಹೆಸರು ಕೇಳಿಕೊಂಡು ಮೂರು ದಿನ ಬಾಯಲ್ಲಿ ಹೊರಳಿಸಿ ಕಲಿತಳು.

ಅಕ್ಟೋಬರಿನಲ್ಲಿ ನಕಾಶೆಯ ಮೇಲೆ ಮನೆಗಳು ಬಂದವು, ಮನೆಗಳ ಮುಂದೆ ನೀರಿನ ತೊಟ್ಟಿಗಳು, ತೊಟ್ಟಿಗಳ ಮುಂದೆ ಹೆಂಗಸರು. ನೋಟ್‌ಬುರ್ಗಾ ಯಾವ ಗಂಡಸಿನ ಹೆಸರನ್ನೂ ಸರಿಯಾಗಿ ಹೇಳಲಾರಳು. ಯಾವ ಮನೆಯ ಹೆಂಗಸು ಯಾವ ವಾರ ಬಟ್ಟೆ ಒಗೆಯುತ್ತಿದ್ದಳು, ಯಾರ ಬ್ರೆಡ್ ಹುಳಿ ಬರುತ್ತಿತ್ತು ಎಂಬುದನ್ನು ಮನೆ ಮನೆಯಾಗಿ ಹೇಳಿದಳು. ಕೊನೆಗೆ ಅಣೆಕಟ್ಟು ಬಂತು. ಕೆರೆಯ ಮಟ್ಟ ಎಷ್ಟು ಏರುತ್ತದೆ ಎಂಬ ನೋಟೀಸನ್ನು ಇಟಾಲಿಯನ್ನಿನಲ್ಲಿ ಅಂಟಿಸಿದ್ದರು. ಓದಲು ಬಾರದ ಜನ ಅದರ ಮುಂದೆಯೇ ಹಾಲಿನ ಕ್ಯಾನು ಹೊತ್ತು ಓಡಾಡಿದರು. ಸಾವಿರದ ಒಂಬೈನೂರ ಐವತ್ತರ ಬೇಸಿಗೆಯಲ್ಲಿ ಮನೆಗಳನ್ನು ಒಂದೊಂದಾಗಿ ಸಿಡಿಮದ್ದಿಟ್ಟು ಕೆಡವಿದರು. ಚರ್ಚಿನ ಗೋಪುರ ಹಳೆಯದೆಂದು ಅದೊಂದನ್ನು ಬಿಟ್ಟರು. ಅದು ಈಗಲೂ ನೀರಿನ ನಡುವೆ ನಿಂತಿದೆ, ಜನ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ.

"ಮದ್ದಿಡೋರು ನಾಳೆ ಬರ್ತಾರೆ ಅಂದ ದಿನ ಅಮ್ಮ ನನ್ನ ಕೈಲಿ ಬ್ರಶ್ ಕೊಟ್ಟು, ಅಡುಗೆಮನೆ ನೆಲ ಉಜ್ಜು ಅಂದ್ಲು. ಉಜ್ಜಿದೆ. ಮೂಲೆ ಬಿಟ್ಟಿದೀಯ ಅಂದ್ಲು. ಮತ್ತೆ ಉಜ್ಜಿದೆ. ಇನ್ನೂ ಒಣಗಿರಲಿಲ್ಲ, ಅವರು ಬಂದ್ರು."

ಆ ಸಂಜೆ ಭಾಗ್ಯಶ್ರೀ ಮನೆಗೆ ಬಂದು ದಿನೇಶನ ಲಂಚ್ ಡಬ್ಬಿ ತೊಳೆಯುತ್ತ ಫೋನನ್ನು ಸ್ಪೀಕರಿಗೆ ಹಾಕಿ ನವನಗರಕ್ಕೆ ಕರೆ ಮಾಡಿದಳು.

"ಅಪ್ಪಾ, ಹಳೇ ಮನಿ ಬಿಡೂ ದಿನ ಅವ್ವ ಏನ್ ಮಾಡಿದ್ಲು?"

"ಈಗ್ಯಾಕ ನೆನಪಾತು ಬೇ ಅದು?" ಅಡಿವೆಪ್ಪ ಕೆಮ್ಮಿದ. "ಒಲಿ ಸಾರಿಸಿ ಮುಂದ ರಂಗೋಲಿ ಹಾಕಿದ್ಲು. ಹೊಳಿ ನೀರಿಗೆ ರಂಗೋಲಿ ಯಾಕ ಅಂದೆ. ಬರೂದು ಯಾರೇ ಇರಲಿ, ನಮ್ಮನಿ ಹೊಲಸಿತ್ತು ಅನಬಾರದು ಅಂತ ನನ್ನ ಮ್ಯಾಲೇ ಹರಿಹಾಯ್ದ್ಲು."

ಡಬ್ಬಿಯ ಮುಚ್ಚಳ ಸಿಂಕಿನ ನೀರಿನಲ್ಲಿ ಮೆಲ್ಲಗೆ ಮುಳುಗುತ್ತಿತ್ತು. ಭಾಗ್ಯಶ್ರೀ ಅದನ್ನು ನೋಡುತ್ತ ನಿಂತಳು. ಕೈಗೆ ಎಟುಕುವಂತಿದ್ದರೂ ಹಿಡಿಯಲಾಗಲಿಲ್ಲ. ಅನ್ವಿತಾ ಬಂದು ನಲ್ಲಿ ನಿಲ್ಲಿಸಿ, "ಅಮ್ಮಾ, ಯು ವರ್ ಜಸ್ಟ್ ಸ್ಟೇರಿಂಗ್," ಎಂದಳು.

ಅದಾದ ಒಂದು ವಾರಕ್ಕೆ ಗೋಡೆಯ ಮೇಲೆ ಮೊದಲ ಗೆರೆ ಬಂತು.

ಗೆರೆ ಸೊಂಟಕ್ಕೆ ಏರಿದ ವಾರ ಒಂದು ಮಧ್ಯಾಹ್ನ ನೋಟ್‌ಬುರ್ಗಾ ಮನೆಯ ಚಪ್ಪಲಿಯಲ್ಲೇ, ಕೈಯಲ್ಲಿ ಬಕೆಟ್ಟು ಹಿಡಿದು ತನ್ನ ಬಡಾವಣೆ ಹಾರ್ಬೋರ್ನಿನ ಹೈ ಸ್ಟ್ರೀಟಿಗೆ ಹೋದಳು. ಬಸ್‌ಸ್ಟಾಪಿನಲ್ಲಿ ನಿಂತವರಿಗೆ, ಸಾಮಾನೆಲ್ಲ ಮಹಡಿಗೆ ಸಾಗಿಸಿ, ಹಸುಗಳನ್ನು ಬಿಚ್ಚಿ ಎಂದು ಹೇಳುತ್ತಿದ್ದಳಂತೆ. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಲೀಡ್ಸಿನಿಂದ ಮಗ ಪೀಟರ್ ಓಡಿ ಬಂದ. ಅರವತ್ತರ ಹತ್ತಿರದ, ದೊಡ್ಡ ಕೈಗಳ, ಮೆತ್ತನೆ ಮಾತಿನ ಮನುಷ್ಯ. ಅವನು ಅಡುಗೆಮನೆಯಲ್ಲಿ ನಿಂತು ಭಾಗ್ಯಶ್ರೀಗೆ ಹೇಳಿದ:

"ಇನ್ನೆರಡು ವಾರಕ್ಕೆ ಸೋಷಿಯಲ್ ವರ್ಕರ್ ಬರ್ತಾರೆ. ಅಮ್ಮನ ಬುದ್ಧಿ ಎಷ್ಟು ನೆಟ್ಟಗಿದೆ ಅಂತ ನೋಡ್ತಾರೆ. ಸರಿಯಿದ್ರೆ ಇಲ್ಲೇ ಇರಬಹುದು. ಇಲ್ದಿದ್ರೆ ಲೀಡ್ಸಲ್ಲಿ ನನ್ನ ಮನೆ ಹತ್ತಿರ ಒಂದು ಕೇರ್ ಹೋಮಿದೆ, ಒಳ್ಳೇ ಜಾಗ." ಆಮೇಲೆ ದನಿ ತಗ್ಗಿಸಿ, "ಯಾವುದು ಒಳ್ಳೇದು ಅಂತ ನನಗೇ ಗೊತ್ತಾಗ್ತಿಲ್ಲ," ಎಂದ.

ನೋಟ್‌ಬುರ್ಗಾ ಮುಂದಿನ ಕೋಣೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಮಗ ಹೋದ ಮೇಲೆ ಭಾಗ್ಯಶ್ರೀಯ ಮುಂಗೈ ಹಿಡಿದಳು. "ಒಂದು ಮನೆಯಿಂದ ನನ್ನನ್ನ ಎಬ್ಬಿಸಿ ಕಳಿಸಿದಾರೆ, ಮಾಡ್ಲ್. ಇನ್ನೊಂದರಿಂದ ಬೇಡ."

ಭಾಗ್ಯಶ್ರೀ ಅವಳಿಗೆ ಮಾತು ಕೊಟ್ಟಳು. ಮಾತು ಕೊಟ್ಟ ಮೇಲೆ ತನಗೆ ತಿಳಿದ ಒಂದೇ ದಾರಿ ಹಿಡಿದಳು.

ನವನಗರದ ಶಾಲೆಗೆ ಇನ್ಸ್ಪೆಕ್ಷನ್ ಬರುತ್ತದೆಂದರೆ ಟೀಚರುಗಳೆಲ್ಲ ಮಾಡುತ್ತಿದ್ದದ್ದು ಅದನ್ನೇ. ಸಾಹೇಬರು ಕೇಳಬಹುದಾದ ಹತ್ತು ಪ್ರಶ್ನೆ ಆರಿಸುವುದು, ಉತ್ತರಗಳನ್ನು ಬಾಯಿಪಾಠ ಮಾಡಿಸುವುದು, ತಪ್ಪಿದರೆ ಮೊದಲಿಂದ. ಅವಳ ಕ್ಲಾಸಿನ ಮಕ್ಕಳು ಒಮ್ಮೆಯೂ ಸೋತದ್ದಿಲ್ಲ. ನೆನಪಿನ ಪರೀಕ್ಷೆಯಲ್ಲಿ ಏನೇನು ಕೇಳುತ್ತಾರೆಂದು ಅವಳಿಗೆ ಬೇರೆ ಮನೆಗಳಿಂದ ಗೊತ್ತಿತ್ತು. ಇವತ್ತು ಯಾವ ವಾರ, ಯಾವ ತಿಂಗಳು, ಯಾವ ವರ್ಷ? ಈಗ ನೀವು ಎಲ್ಲಿದ್ದೀರಿ? ನಿಮ್ಮ ಪೋಸ್ಟ್‌ಕೋಡ್ ಏನು? ನೂರರಿಂದ ಏಳೇಳು ಕಳೆಯುತ್ತ ಹೋಗಿ.

ಮೇಜಿನ ಮೇಲಿದ್ದ ಗ್ರೌನಿನ ನಕಾಶೆಯನ್ನು ಸುರುಳಿ ಸುತ್ತಿ ಕಪಾಟಿನ ಮೇಲಿಟ್ಟಳು. ಕೊನೆಯ ಹತ್ತು ನಿಮಿಷ ಈಗ ಪಾಠಕ್ಕೆ.

"ಎಲ್ಲಿದ್ದೀರಿ?"

"ಅಡುಗೆಮನೇಲಿ. ನಿನ್ನ ಮುಂದೆ. ಕಣ್ಣು ಕಾಣಲ್ವಾ ನಿನಗೆ?"

"ಹಾಗಲ್ಲ. ಊರು ಹೇಳಿ. ಹಾರ್ಬೋರ್ನ್, ಬರ್ಮಿಂಗ್‌ಹ್ಯಾಮ್, ಇಂಗ್ಲೆಂಡ್."

ಮೊದಲ ದಿನಗಳಲ್ಲಿ ನೋಟ್‌ಬುರ್ಗಾ ತಮಾಷೆ ಮಾಡಿದಳು. ಪ್ರಧಾನಿ ಯಾರು ಎಂದರೆ, ಅವರೇ ನೆನಪಿಡೋಕಾಗದಷ್ಟು ಬೇಗ ಬದಲಾಯಿಸಿಕೊಂಡರೆ ನನ್ನನ್ಯಾಕೆ ಕೇಳ್ತಾರೆ ಎಂದಳು. ಎಲ್ಲಿದ್ದೀರಿ ಎಂಬಲ್ಲಿ ಮಾತ್ರ ಜಾರುತ್ತಿದ್ದಳು. ನಾಲ್ಕು ಸಲ ಹಾರ್ಬೋರ್ನ್ ಎಂದು ಐದನೆಯ ಸಲ ಗ್ರೌನ್ ಎನ್ನುವಳು. ಭಾಗ್ಯಶ್ರೀ ಕೈಯಲ್ಲಿದ್ದ ಪೆನ್ನಿನಿಂದ ಮೇಜಿನ ಮೇಲೆ ಟಕ್ಕೆಂದು ಬಡಿದು, "ತಪ್ಪು. ಮೊದಲಿಂದ," ಎನ್ನುವಳು. ಆ ದನಿ ಎಷ್ಟೋ ವರ್ಷಗಳ ನಂತರ ಗಂಟಲಿಗೆ ಬಂದಿತ್ತು. ಅವಳಿಗೆ ಒಳಗೊಳಗೇ ಹಿತವೆನಿಸಿತು. ಹದಿನಾಲ್ಕು ವರ್ಷ ಉಪ್ಪು ಸಾಕಾ, ಬಿಸಿ ಮಾಡಲಾ ಎಂದು ಕೇಳಿ ಕೇಳಿ ಸವೆದ ಗಂಟಲು ಅದು.

ಎಂಟನೆಯ ದಿನದಿಂದ ನೋಟ್‌ಬುರ್ಗಾ ತಪ್ಪು ಮಾಡಲಿಲ್ಲ. ವಾರ, ತಿಂಗಳು, ಊರು, ಪೋಸ್ಟ್‌ಕೋಡ್ ಎಲ್ಲ ಪಟಪಟ ಬರುತ್ತಿತ್ತು. ತಮಾಷೆ ನಿಂತಿತ್ತು. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಒಂದು ದಿನ ನಡುವೆ, "ಟಾಯ್ಲೆಟ್ಟಿಗೆ ಹೋಗಿ ಬರಲಾ?" ಎಂದು ಕೇಳಿ, ಭಾಗ್ಯಶ್ರೀ ಹೂಂ ಎನ್ನುವವರೆಗೆ ಏಳಲೇ ಇಲ್ಲ. ಭಾಗ್ಯಶ್ರೀ ಅದನ್ನು ಗಮನಿಸಿದಳು, ಸೌಜನ್ಯವೆಂದುಕೊಂಡಳು. ಇನ್ಸ್ಪೆಕ್ಷನ್ನಿನ ಹಿಂದಿನ ವಾರ ಮಕ್ಕಳೂ ಹೀಗೇ ತಣ್ಣಗಾಗುತ್ತಿದ್ದರು.

ಆ ವಾರ ಅವಳಿಗೂ ಏನೋ ಆಗಿತ್ತು. ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗ ಕಾಲಿಗೆ ತಣ್ಣಗೆ ಏನೋ ತಾಗಿದಂತಾಗಿ ಕೆಳಗೆ ನೋಡುವಳು. ನೆಲ ಒಣಗಿಯೇ ಇರುತ್ತಿತ್ತು. ಬೆಳಿಗ್ಗೆ ಎದ್ದು ನಾಯಿಕೊಡೆಯಂತೆ ಬಿಳಿಚಿದ ಪಾದಗಳನ್ನು ನೋಡಿಕೊಳ್ಳುವಳು. "ಥೈರಾಯ್ಡ್ ಚೆಕ್ ಮಾಡಿಸ್ಕೊಳೇ, ಡಾಕ್ಟರಿಗೆ ಫೋನ್ ಮಾಡು," ಎಂದ ದಿನೇಶ, ಇಸ್ತ್ರಿಯಾದ ಅಂಗಿಗೆ ಕೈ ಚಾಚುತ್ತ.

ಪರೀಕ್ಷೆಯ ದಿನ ಡಿಸೆಂಬರಿನ ಒಂದು ಮಂಗಳವಾರ. ಭಾಗ್ಯಶ್ರೀ ಮುಂಚೆಯೇ ಹೋದಳು. ಅಡುಗೆಮನೆಯ ಗೆರೆ ನೋಟ್‌ಬುರ್ಗಾಳ ತಲೆಯ ಎತ್ತರಕ್ಕೆ ಏರಿತ್ತು. ಕುರ್ಚಿ ಹತ್ತಿಯೇ ಎಳೆದಿರಬೇಕು. ಹೊರಗೆ ಕಾರು ನಿಂತ ಸದ್ದಾಯಿತು. ಭಾಗ್ಯಶ್ರೀ ತೋಳಿನಿಂದಲೇ ಅದನ್ನು ತಿಕ್ಕಿ ಅಳಿಸಿದಳು. ನೀಲಿ ಅಂಗಿಯ ತೋಳು ಬೆಳ್ಳಗಾಯಿತು.

ಸೋಷಿಯಲ್ ವರ್ಕರ್ ಜಾನೆಟ್ ಮೆಲುದನಿಯ ಹೆಂಗಸು, ಅವಸರವಿಲ್ಲ. ಸೋಫಾದ ತುದಿಯಲ್ಲಿ ಪೀಟರ್ ಕೂತಿದ್ದ. ಅವನೇ ಕೇಳಿಕೊಂಡಿದ್ದರಿಂದ ಭಾಗ್ಯಶ್ರೀ ಬಾಗಿಲ ಬಳಿ ನಿಂತಳು.

"ಬೆಟ್ಟಿ, ಒಂದೆರಡು ಪ್ರಶ್ನೆ ಕೇಳ್ಲಾ? ಈಗ ನಾವೆಲ್ಲ ಎಲ್ಲಿದೀವಿ ಹೇಳ್ತೀರಾ?"

ನೋಟ್‌ಬುರ್ಗಾ ಜಾನೆಟ್ಟಳನ್ನು ನೋಡಲಿಲ್ಲ. ಬಾಗಿಲ ಕಡೆ ನೋಡಿದಳು. ಆಗ ಭಾಗ್ಯಶ್ರೀಗೆ ತನ್ನ ತುಟಿಗಳು ಅಲ್ಲಾಡುತ್ತಿರುವುದು ಅರಿವಾಯಿತು. ಹಾರ್, ಬೋರ್ನ್. ಕೊನೆಯ ಬೆಂಚಿನ ಹಿಂದೆ ನಿಂತು ಮಕ್ಕಳಿಗೆ ಮಾಡಿ ತೋರಿಸುತ್ತಿದ್ದಂತೆಯೇ.

ಮುದುಕಿ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು. ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟಳು. ಬಾಯಿಂದ ಬಂದದ್ದು ಅವಳ ದನಿಯಲ್ಲ. ತೆಳ್ಳಗಿನ, ಗಟ್ಟಿಯಾಗಿ ಕೂಗುವ, ಉಸಿರು ಬಿಗಿಹಿಡಿದ ದನಿ.

"ಅಬಿತೋ ಅ ಕುರೋನ್. ಕುರೋನ್ ವೆನೋಸ್ತಾ. ಇತಾಲಿಯಾ."

"ಅಮ್ಮಾ?" ಎಂದ ಪೀಟರ್.

ಅವಳು ಎಡಗೈಯನ್ನು ಮುಂದೆ ಚಾಚಿದಳು. ಅಂಗೈ ಕೆಳಗೆ, ಬೆರಳು ಬಿಡಿಸಿ, ಗೆಣ್ಣುಗಳು ಮೇಲೆ. ಕಣ್ಣು ಮುಚ್ಚಿಕೊಂಡಳು. ಕೈ ಏಟಿಗೆ ಕಾಯುತ್ತಿತ್ತು.

ಜಾನೆಟ್ ಕಾಗದ ಮಡಚಿದಳು. "ಇವತ್ತಿಗೆ ಸಾಕು," ಎಂದಳು. ಪೀಟರ್ ತಾಯಿಯನ್ನು ತಬ್ಬಿ ಕೂರಿಸಿದ. ಅವನ ಮುಖದಲ್ಲಿ ತೀರ್ಮಾನ ಆಗಿಹೋಗಿತ್ತು.

ಮುಂಬಾಗಿಲ ಬಳಿ ಜಾನೆಟ್ ಕೋಟು ಹಾಕಿಕೊಳ್ಳುವಾಗ ಭಾಗ್ಯಶ್ರೀ ಅವಳ ದಾರಿಗೆ ಅಡ್ಡ ನಿಂತಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುದುಕಿಗೆ ವಯಸ್ಸಾಯಿತು, ಹೋಯಿತು.

"ನಾನು ಮಾಡಿಸಿದ್ದು ಇದು," ಎಂದಳು. "ಎರಡು ವಾರ ಉತ್ತರ ಬಾಯಿಪಾಠ ಮಾಡಿಸಿದೆ. ತಪ್ಪಿದಾಗ ಪೆನ್ನಲ್ಲಿ ಮೇಜು ಬಡಿದೆ."

"ಯಾಕೆ?"

"ಅವರು ಇಲ್ಲೇ ಇರಲಿ ಅಂತ."

ಮೊದಲು ಹೇಳಿದ್ದು ನುಣ್ಣಗೆ ಬಂದಿತ್ತು, ಮುಂದಿನದು ತಡವರಿಸಿತು. ರೂಲುದೊಣ್ಣೆಯ ಕತೆ, ಎರಡು ಹೆಸರುಗಳು, ಹೈ ಸ್ಟ್ರೀಟಿನಲ್ಲಿ ಬಕೆಟ್ಟು ಯಾಕೆ ಇತ್ತು ಎಂಬುದು. ನೀರು ಬರುತ್ತದೆ ಎಂದದ್ದು ಭ್ರಮೆಯಲ್ಲ, ಅದು ಬಂದಿತ್ತು. ಪೀಟರ್ ಒಳಬಾಗಿಲಿಗೆ ಬಂದು ನಿಂತದ್ದು ಅವಳಿಗೆ ಕಾಣಲಿಲ್ಲ.

"ನಂಗೆ ಇದ್ಯಾವುದೂ ಹೇಳಿಲ್ಲ ಅವಳು," ಎಂದ ಅವನು. "ಎಪ್ಪತ್ತೆಂಟರಲ್ಲಿ ಅಪ್ಪ ಅಲ್ಲಿಗೆ ಕರ್ಕೊಂಡು ಹೋಗಿದ್ದ. ಅಪ್ಪ, ನಾನು ಇಳಿದು ಆ ಗೋಪುರದ ಮುಂದೆ ಐಸ್‌ಕ್ರೀಮ್ ತಿಂದ್ವಿ. ಅವಳು ಕಾರಿಂದ ಇಳೀಲಿಲ್ಲ. ಕಿಟಕಿ ಗಾಜು ಕೂಡ ಇಳಿಸಲಿಲ್ಲ."

ಜಾನೆಟ್ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು. "ನಿಮ್ಮ ಕಂಪನಿಗೆ ನಾನಿದನ್ನ ತಿಳಿಸಬೇಕಾಗುತ್ತೆ," ಎಂದಳು ಕೊನೆಗೆ. "ಗೊತ್ತಲ್ಲ?"

"ಗೊತ್ತು."

"ಇವತ್ತು ನೋಡಿದ್ದನ್ನ ನಾನು ಲೆಕ್ಕಕ್ಕೆ ತಗೊಳ್ಳಲ್ಲ. ಇನ್ನೊಂದು ಸಲ ಬರ್ತೀನಿ, ನೀವು ಇರಬಾರದು."

ಕಂಪನಿಯವರು ಮರುದಿನವೇ ಅವಳನ್ನು ಆ ಮನೆಯ ರೋಟಾದಿಂದ ತೆಗೆದರು. ಮ್ಯಾನೇಜರ್ ಕೂಗಾಡಲಿಲ್ಲ, ಒಂದು ಗಂಟೆಯ ಟ್ರೇನಿಂಗ್ ವೀಡಿಯೋ ನೋಡಿ ಸಹಿ ಹಾಕಲು ಹೇಳಿದಳು. ಮನೆಯಲ್ಲಿ ದಿನೇಶ, "ನಿಂಗ್ಯಾಕ್ ಬೇಕಿತ್ತು ಇದೆಲ್ಲ? ನಾಲ್ಕು ಕೆಲಸ ಮಾಡಿ ಬರೋದು ಬಿಟ್ಟು," ಎಂದ.

"ನಾಲ್ಕಲ್ಲ, ಐದು," ಎಂದಳು ಭಾಗ್ಯಶ್ರೀ. ಐದನೆಯದು ಯಾವುದು ಎಂದು ಅವನು ಕೇಳಲಿಲ್ಲ.

ಜನವರಿಯ ಮೊದಲ ವಾರ ಪೀಟರ್ ಫೋನ್ ಮಾಡಿದ. ಜಾನೆಟ್ ಎರಡು ಸಲ ಬಂದು ಹೋದಳಂತೆ. ಪ್ರಶ್ನೆ ಕೇಳಲಿಲ್ಲ, ಕಾಫಿ ಮಾಡಿಕೊಡುತ್ತೀರಾ ಎಂದಳಂತೆ, ಮುದುಕಿ ಮಾಡುವುದನ್ನು ನೋಡುತ್ತ ಕೂತಳಂತೆ. ಒಬ್ಬಳೇ ಇದ್ದರೆ ಬಿದ್ದು ಹೋಗಬಹುದು, ಯಾರಿಗೂ ತಿಳಿಯದೆ ಸತ್ತೂ ಹೋಗಬಹುದು, ಗೊತ್ತೇ ಎಂದಾಗ ನೋಟ್‌ಬುರ್ಗಾ, "ಎಲ್ಲರೂ ಎಲ್ಲೋ ಒಂದು ಕಡೆ ಬೀಳ್ತಾರೆ. ನಾನು ಉಜ್ಜಿದ ನೆಲದ ಮೇಲೆ ನಾನು ಬೀಳ್ತೀನಿ," ಎಂದಳಂತೆ. ದಿನಕ್ಕೆ ನಾಲ್ಕು ಸಲ ಕೇರರ್ ಬರಬೇಕು, ಬಾಗಿಲಿಗೆ ಅಲಾರಂ ಹಾಕಬೇಕು, ಬೇಸಿಗೆಯಲ್ಲಿ ಮತ್ತೆ ನೋಡೋಣ. ಅಲ್ಲಿಯವರೆಗೆ ಅವಳು ಅವಳ ಮನೆಯಲ್ಲೇ ಇರುತ್ತಾಳೆ.

ಭಾಗ್ಯಶ್ರೀ ಗೋಡೆಗೆ ಒರಗಿದಳು. "ಗೆರೆ?" ಎಂದಳು.

"ಯಾವ ಗೆರೆ?"

"ಅಡುಗೆಮನೆ ಗೋಡೆ ಮೇಲೆ, ಸೀಮೆಸುಣ್ಣದ್ದು."

"ಇಲ್ವಲ್ಲ," ಎಂದ ಪೀಟರ್. "ಹೊಸ ಹುಡುಗಿ ಅಂಥದ್ದೇನೂ ಹೇಳಿಲ್ಲ. ನಾನೂ ಒಂದು ತಿಂಗಳಿಂದ ಪ್ರತಿ ವಾರ ಬರ್ತಿದೀನಿ. ನೀವು ಹೋದ್ಮೇಲೆ ಏನೂ ಇಲ್ಲ." ಅವನು ಒಳ್ಳೆಯ ಸುದ್ದಿ ಎಂದೇ ಹೇಳಿದ್ದು.

ಆ ಭಾನುವಾರ ಟಿವಿಡೇಲಿನಿಂದ ವಾಪಸಾಗುವಾಗ ಅವಳು ದಿನೇಶನಿಗೆ ಆ ಬೀದಿಯಲ್ಲಿ ಕಾರು ನಿಲ್ಲಿಸಲು ಹೇಳಿದಳು. ಯೂನಿಫಾರ್ಮ್ ಇಲ್ಲ, ಹಸಿರು ರೇಷ್ಮೆ ಸೀರೆ, ಮೇಲೆ ಕೋಟು. ಕೈಯಲ್ಲಿ ಪ್ರಸಾದದ ಲಡ್ಡುವಿನ ಡಬ್ಬಿ. ಕಂಪನಿಯ ನಿಯಮ ಮುರಿಯುತ್ತಿದ್ದೇನೆ ಎಂದು ಗೊತ್ತಿತ್ತು. ಒಂದೇ ಸಲ ನೋಡಿ, ನೀವು ಗೆದ್ದಿರಿ ಎಂದು ಹೇಳಿ ಬಂದುಬಿಡುತ್ತೇನೆ ಎಂದುಕೊಂಡಳು.

ಒಳಗೆ ರೇಡಿಯೋ ಹಾಡುತ್ತಿತ್ತು. ಅದರ ಜೊತೆಗೆ ಮುದುಕಿ ತನ್ನೂರಿನ ನುಡಿಯಲ್ಲಿ ಕೆಟಲನ್ನು ಬೈಯುತ್ತಿದ್ದುದೂ ಕೇಳಿಸಿತು. ಭಾಗ್ಯಶ್ರೀಯ ಮುಖ ತಾನಾಗಿ ಅರಳಿತು. ಬೆಲ್ ಒತ್ತಿದಳು.

ಬಾಗಿಲು ಸರಪಳಿಯಷ್ಟು ತೆರೆಯಿತು. ಬೂದುಗಣ್ಣು ಅವಳನ್ನು ಕಂಡು, ಗುರುತಿಸಿತು. ಸರಪಳಿ ತೆಗೆದ ಸದ್ದಾಯಿತು. ನೋಟ್‌ಬುರ್ಗಾ ಬಾಗಿಲು ಪೂರ್ತಿ ತೆರೆದು, ಒಂದು ಹೆಜ್ಜೆ ಹಿಂದೆ ಸರಿದು, ಬೆನ್ನು ನೆಟ್ಟಗೆ ಮಾಡಿ ನಿಂತಳು.

"ಅಬಿತೋ ಅ ಕುರೋನ್," ಎಂದಳು ಆ ತೆಳ್ಳನೆಯ ದನಿಯಲ್ಲಿ. ಎಡಗೈ ಮುಂದೆ ಬಂತು.

"ಅಯ್ಯೋ, ಬೇಡ, ಬೇಡ. ಗ್ರೌನ್. ಗ್ರೌನ್ ಅನ್ನಿ. ಈಗ ಯಾರೂ ಹೊಡಿಯಲ್ಲ."

"ಗ್ರೌನ್," ಎಂದಳು ಮುದುಕಿ ತಕ್ಷಣ. ಕೈ ಹಾಗೇ ಇತ್ತು. ಕಣ್ಣು ಭಾಗ್ಯಶ್ರೀಯ ಬಾಯಿಯ ಮೇಲೇ ಇತ್ತು, ಮುಂದೆ ಯಾವ ಹೆಸರು ಬರುತ್ತದೋ ಅದನ್ನು ಹೇಳಲು.

ಭಾಗ್ಯಶ್ರೀ ತುಟಿ ಬಿಗಿದುಕೊಂಡಳು. ಒಂದು ಮೆಟ್ಟಿಲು ಇಳಿದಳು, ಇನ್ನೊಂದು ಇಳಿದಳು. ಬೆನ್ನು ತಿರುಗಿಸದೆ, ದೊಡ್ಡ ನೀರಿನಿಂದ ಹಿಂದೆ ಸರಿಯುವವಳಂತೆ, ಗೇಟಿನವರೆಗೆ ನಡೆದಳು. ಅವಳು ಗೇಟು ದಾಟಿ ಫುಟ್‌ಪಾತಿಗೆ ಬಂದ ಮೇಲೆಯೇ ಆ ಕೈ ಕೆಳಗಿಳಿದದ್ದು. ಬಾಗಿಲು ಮುಚ್ಚಿತು. ಬೋಲ್ಟು ಬಿತ್ತು, ಸರಪಳಿ ಬಿತ್ತು, ಒಳಗೆ ಕುರ್ಚಿಯೊಂದನ್ನು ಎಳೆದು ಬಾಗಿಲಿಗೆ ಒತ್ತಿದ ಸದ್ದು ಬಂತು. ತೊಂಬತ್ತೊಂದರ ತೋಳಿನಲ್ಲಿ ಅಷ್ಟು ಶಕ್ತಿ ಇತ್ತು.

ಅವಳು ಬೇಲಿಯ ಮರೆಯಲ್ಲಿ ನಿಂತು ಕಾದಳು. ಐದು ನಿಮಿಷವಾಗಿರಬೇಕು. ಆಮೇಲೆ ರೇಡಿಯೋದ ದನಿ ಏರಿತು. ಕೆಟಲಿಗೆ ಮತ್ತೆ ಬೈಗುಳ ಶುರುವಾಯಿತು, ಒರಟಾದ, ದಪ್ಪ, ನೋಟ್‌ಬುರ್ಗಾಳದೇ ದನಿ.

ಕಾರಿನಲ್ಲಿ ಅನ್ವಿತಾ ತಲೆಯೆತ್ತಿ, "ಡಿಡ್ ಶೀ ಲೈಕ್ ದ ಲಡ್ಡೂ?" ಎಂದಳು. ಡಬ್ಬಿ ಭಾಗ್ಯಶ್ರೀಯ ಕೈಯಲ್ಲೇ ಇತ್ತು.

"ಮನೇಲಿ ಏನಿದೆ ಊಟಕ್ಕೆ? ಅನ್ನಕ್ಕಿಡಬೇಕಾ?" ಎಂದ ದಿನೇಶ, ಎಂಜಿನ್ ಶುರು ಮಾಡುತ್ತ.

"ಇವತ್ತು ನನ್ನನ್ನ ಏನೂ ಕೇಳಬೇಡಿ," ಎಂದಳು ಭಾಗ್ಯಶ್ರೀ.

ತಲೆನೋವಿರಬೇಕು ಎಂದುಕೊಂಡು ಅವನು ಹೀಟರ್ ಹಾಕಿದ. ಅವಳು ಕೆಳಗೆ ನೀರು ನಿಂತಿದೆಯೋ ಎಂಬಂತೆ ಎರಡೂ ಕಾಲುಗಳನ್ನು ಸೀಟಿನ ಮೇಲಕ್ಕೆ ಎತ್ತಿಕೊಂಡು, ಸೀರೆಯ ಅಂಚನ್ನು ಬಿಗಿಯಾಗಿ ಸುತ್ತಿ, ಹಾರ್ಬೋರ್ನ್ ದಾಟುವವರೆಗೂ ಹಾಗೇ ಕೂತಿದ್ದಳು.